ಜಾಲಪುಟದ ಕನ್ನಡ: ವಿನ್ಯಾಸದೋಷ ಮತ್ತು ಪಾಠದೋಷಗಳ ವಿವೇಚನೆ

ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲೆಲ್ಲ ಪ್ರಾಚೀನವಾದ ಕವಿರಾಜಮಾರ್ಗವು ತನ್ನ ಮೊದಲನೆಯ ಪರಿಚ್ಛೇದವನ್ನು ದೋಷಾದೋಷಗಳ ವಿಚಾರಕ್ಕೆ ಮೀಸಲಾಗಿಟ್ಟಿರುವುದು ವಿದ್ವಾಂಸರಿಗೆ ತಿಳಿದ ಸಂಗತಿಯೇ ಆಗಿದೆ. ಅಲಂಕಾರಗಳ ವಿಸ್ತಾರಕ್ಕೆ ಕೈಹಾಕುವ ಮೊದಲು, ಕಬ್ಬವನ್ನು ಕಟ್ಟಬಯಸುವವನು ಎಲ್ಲೆಲ್ಲಿ ಎಡವುವನೆಂಬುದನ್ನು ತೋರಿಸಿ, ಕೆಟ್ಟ ಪ್ರಯೋಗದ ಪಕ್ಕದಲ್ಲಿಯೇ ಅದನ್ನು ನೇರ್ಪಡಿಸಿದ ರೂಪವನ್ನೂ ಇಡುವುದು ಆ ಗ್ರಂಥದ ಕ್ರಮ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನೇ ಇದರ ಕರ್ತೃವೆಂದು ಈಗ ಬಹುಮಂದಿ ವಿದ್ವಾಂಸರು ಒಪ್ಪಿರುವರು. ಆ ಅರಸನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ. ಅದೇ ನದಿಯ ಸೀಮೆಯಲ್ಲಿ, ಚಿತ್ತಾಪುರ ತಾಲ್ಲೂಕಿನಲ್ಲಿ, ದಂಡೋತಿ ಎಂಬ ಗ್ರಾಮವಿದೆ. ಹೊಸದಾಗಿ ಬರೆಯಲು ಕಲಿಯುವವನ ದೋಷಗಳನ್ನು ಎಣಿಸಿ ತಿದ್ದುವ ಶಾಸ್ತ್ರವು ಕನ್ನಡದಲ್ಲಿ ಮೊದಲು ಹುಟ್ಟಿದ ಈ ಸೀಮೆಯಿಂದಲೇ ಪ್ರಕೃತ ವಿಷಯದ ಉದಾಹರಣೆಯನ್ನು ತೆಗೆದುಕೊಳ್ಳುವುದು ಉಚಿತವಾಗಿದೆ.

ದಂಡೋತಿಯ ವಿದ್ಯಾರ್ಥಿಯೊಬ್ಬನು ಜಾಲಪುಟವನ್ನು ರಚಿಸುವ ವಿದ್ಯೆಯನ್ನು ಹೊಸದಾಗಿ ಕಲಿತು, ತನ್ನ ಸೀಮೆಯ ವಿಷಯವಾಗಿ ಒಂದು ಪುಟವನ್ನು ಸಿದ್ಧಪಡಿಸುವನೆಂದು ಭಾವಿಸಬಹುದು. ಮೇಲ್ಗಡೆ ‘ರಾಷ್ಟ್ರಕೂಟರ ನಾಡು’ ಎಂಬ ಶೀರ್ಷಿಕೆ. ಅದರ ಕೆಳಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಹೆಸರುಗಳ ಸಾಲು. ಒಂದು ಪಕ್ಕದಲ್ಲಿ ಮಳಖೇಡದ ಕೋಟೆಯ ಚಿತ್ರ, ಮತ್ತೊಂದು ಪಕ್ಕದಲ್ಲಿ ಊರುಗಳ ವಿವರಣೆ. ಕೊನೆಯಲ್ಲಿ ಹಳಗನ್ನಡದ ಒಂದು ಕಂದಪದ್ಯ. ಶಾಲೆಯ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ಕಂಡಿತು. ಮನೆಗೆ ಹೋಗಿ ಮೊಬೈಲಿನಲ್ಲಿ ತೆರೆದಾಗ ಶೀರ್ಷಿಕೆಯ ಒತ್ತಕ್ಷರಗಳ ಬುಡವು ಕತ್ತರಿಸಿಹೋಗಿದೆ. ಚಿಂಚೋಳಿಯು ಪರದೆಯ ಆಚೆಗೆ ಜಾರಿದೆ. ವಿವರಣೆಯ ಅಂಕಣವು ಚಿತ್ರವನ್ನು ತಳ್ಳಿಕೊಂಡು ಹೊರಗೆ ಚಾಚಿದೆ. ಪದ್ಯದಲ್ಲಿ ‘ೞ’ ಇರಬೇಕಾದ ಎಡೆಯಲ್ಲಿ ಬರಿಯ ಒಂದು ಚೌಕ ಕಾಣುತ್ತಿದೆ.

ಇಂತಹ ಸಂದರ್ಭದಲ್ಲಿ ಹೊಸಬನು ಮಾಡುವುದೇನು? ‘ರಾಷ್ಟ್ರಕೂಟ’ ಎಂಬುದರಲ್ಲಿ ಒತ್ತು ಕತ್ತರಿಸಿತೆಂದು ‘ರಟ್ಟರ ನಾಡು’ ಎಂದು ಶೀರ್ಷಿಕೆಯನ್ನೇ ಬದಲಾಯಿಸುತ್ತಾನೆ. ಉದ್ದವಾದ ಪದಗಳ ನಡುವೆ ಒಂದೊಂದು ತೆರಪನ್ನು ಸೇರಿಸಿ ಅವು ಸಾಲಿನ ತುದಿಯಲ್ಲಿ ಮುರಿಯುವಂತೆ ಮಾಡುತ್ತಾನೆ. ‘ೞ’ ಕಾಣಲಿಲ್ಲವೆಂದು ಆ ಸ್ಥಾನದಲ್ಲಿ ‘ಳ’ ಬರೆಯುತ್ತಾನೆ. ಪುಟವು ಕಣ್ಣಿಗೆ ನೇರ್ಪಟ್ಟಿತು. ಆದರೆ ಬರೆಹವು ಕೆಟ್ಟಿತು. ನೋಡುವವನಿಗೆ ಇದು ತಿಳಿಯುವುದೂ ಇಲ್ಲ. ಆ ಪುಟದಿಂದ ಪದ್ಯವನ್ನು ನಕಲು ಮಾಡಿಕೊಂಡ ಮತ್ತೊಬ್ಬನು ‘ಳ’ಕಾರವನ್ನೇ ಕವಿಯ ಪ್ರಯೋಗವೆಂದು ಭಾವಿಸುವನು. ಹುಡುಕುಯಂತ್ರಕ್ಕೆ ತೆರಪು ಸೇರಿದ ಪದವು ಸಿಕ್ಕುವುದಿಲ್ಲ. ಕಣ್ಣಿಲ್ಲದವರಿಗೆ ಪುಟವನ್ನು ಓದಿ ಹೇಳುವ ಯಂತ್ರವು ಒಡೆದ ಪದವನ್ನು ಒಡೆದಂತೆಯೇ ಓದುವುದು.

ಆದ್ದರಿಂದ ಜಾಲಪುಟದ ಶೋಧನೆಯಲ್ಲಿ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ನಿಯಮವು ಒಂದೇ: ವಿನ್ಯಾಸದ ದೋಷವನ್ನು ಪಾಠದಲ್ಲಿ ತಿದ್ದಕೂಡದು. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ತಾಳೆಯೋಲೆಯಲ್ಲಿ ದಾರ ಪೋಣಿಸುವ ರಂಧ್ರದ ಸುತ್ತ ಲಿಪಿಕಾರನು ಎಡೆಬಿಟ್ಟು ಬರೆಯುವನು. ಆ ತೆರಪು ಒಮ್ಮೊಮ್ಮೆ ಒಂದೇ ಪದದ ಎರಡು ಅಕ್ಷರಗಳ ನಡುವೆ ಬೀಳುವುದುಂಟು. ಅದನ್ನು ಪದಚ್ಛೇದವೆಂದು ತಿಳಿಯುವ ಸಂಪಾದಕನಿಲ್ಲ. ಅದು ಓಲೆಯ ಧರ್ಮ, ಪದ್ಯದ ಧರ್ಮವಲ್ಲ. ಪರದೆಯ ಅಗಲ, ಸಾಲಿನ ಎತ್ತರ, ಫಾಂಟಿನ ಕೊರತೆ ಇವೆಲ್ಲವೂ ಹಾಗೆಯೇ ಆಧಾರವಸ್ತುವಿನ ಧರ್ಮಗಳು.

ಜಾಲಪುಟದ ಶಾಸ್ತ್ರವೇ ಈ ಭೇದದ ಮೇಲೆ ನಿಂತಿದೆ. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಸೂಚಿಸಿದ ವ್ಯವಸ್ಥೆಯಲ್ಲಿ ಎಚ್.ಟಿ.ಎಂ.ಎಲ್. ಎಂಬ ಸಂಕೇತಭಾಷೆಯು ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ ಎಂದು ಬರೆಹದ ಅಂಗಗಳನ್ನು ಹೆಸರಿಸುವುದಕ್ಕಾಗಿ ಹುಟ್ಟಿತು. ಅವು ಹೇಗೆ ಕಾಣಬೇಕೆಂಬುದನ್ನು ಬೇರೆ ಬರೆದಿಡಲು ಹಾಕನ್ ವಿಯುಮ್ ಲೀ ೧೯೯೪ರಲ್ಲಿ ಶೈಲಿಪತ್ರದ ಯೋಜನೆಯನ್ನು ಮುಂದಿಟ್ಟನು, ಸಿ.ಎಸ್.ಎಸ್. ಎಂಬ ಹೆಸರಿನಿಂದ ಅದರ ಮೊದಲ ನಿರ್ಣಯವು ೧೯೯೬ರ ಡಿಸೆಂಬರಿನಲ್ಲಿ ಹೊರಟಿತು. ಅದು ಬಳಕೆಗೆ ಬರುವವರೆಗೂ ಬಣ್ಣ, ಗಾತ್ರ, ಅಕ್ಷರದ ಆಕಾರಗಳನ್ನು ಬರೆಹದ ನಡುನಡುವೆಯೇ ತುರುಕುತ್ತಿದ್ದರು. ಆ ರೂಢಿಯನ್ನು ೧೯೯೭ರ ನಾಲ್ಕನೆಯ ಆವೃತ್ತಿಯು ತ್ಯಾಜ್ಯವೆಂದು ಸಾರಿದರೂ ಹೊಸಬರ ಕೋಡಿನಲ್ಲಿ ಅದು ಇಂದಿಗೂ ತಲೆಯೆತ್ತುವುದು.

ಕನ್ನಡದ ಮಟ್ಟಿಗೆ ಈ ಬೆರಕೆಯು ಮತ್ತೂ ಆಳಕ್ಕೆ ಇಳಿದಿತ್ತು. ಯೂನಿಕೋಡು ಬಳಕೆಗೆ ಬರುವುದಕ್ಕೆ ಮುಂಚೆ ಕನ್ನಡ ಪುಟಗಳಲ್ಲಿ ಒಳಗಿರುತ್ತಿದ್ದುದು ರೋಮನ್ ಅಕ್ಷರಗಳ ಸಂಖ್ಯೆಗಳು. ಒಂದು ಗೊತ್ತಾದ ಫಾಂಟನ್ನು ತೊಡಿಸಿದಾಗ ಮಾತ್ರ ಅವು ಕನ್ನಡದ ತುಂಡುಗಳಾಗಿ, ತಲೆಕಟ್ಟು, ಕೊಂಬು, ಒತ್ತುಗಳಾಗಿ ಕಾಣುತ್ತಿದ್ದವು. ಅಂದರೆ ಅಲ್ಲಿ ಪಾಠವೆಂಬುದೇ ಇರಲಿಲ್ಲ, ಇದ್ದುದು ವೇಷ ಮಾತ್ರ. ಫಾಂಟು ತಪ್ಪಿದರೆ ಪುಟವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡಿಗರ ಕೈಗೆ ಕೀಲಿಮಣೆಯನ್ನು ಕೊಟ್ಟು ಮಾಡಿದ ಉಪಕಾರವು ದೊಡ್ಡದು. ಆದರೂ ಆ ಕಾಲದ ಕಡತಗಳನ್ನು ಪರಿವರ್ತಿಸದೆ ಜಾಲಪುಟಕ್ಕೆ ಏರಿಸಿದಲ್ಲಿ ಯಾವ ಶೈಲಿಪತ್ರವೂ ಅದನ್ನು ಉದ್ಧಾರ ಮಾಡಲಾರದು. ಶೋಧಕನು ಮೊದಲು ನೋಡಬೇಕಾದುದು ಇದನ್ನೇ. ಪುಟದ ತಲೆಯಲ್ಲಿ ಅಕ್ಷರಸಂಹಿತೆಯು ಯು.ಟಿ.ಎಫ್.-೮ ಎಂದು ಘೋಷಿತವಾಗಿದೆಯೇ, ಭಾಷೆಯು ಕನ್ನಡವೆಂದು ಸೂಚಿತವಾಗಿದೆಯೇ ಎಂಬ ಎರಡು ಪ್ರಶ್ನೆಗಳಿಂದ ಅರ್ಧ ತೊಂದರೆಗಳು ನಿವಾರಣೆಯಾಗುವುವು.

ಯೂನಿಕೋಡಿನ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಕನ್ನಡದ ಖಂಡದಲ್ಲಿ ೧೨೮ ಮನೆಗಳಿವೆ. ಹಳಗನ್ನಡದ ಅಭ್ಯಾಸಿಗಳಿಗೆ ಅಲ್ಲೊಂದು ಸ್ವಾರಸ್ಯವಾದ ಸ್ಖಾಲಿತ್ಯವು ಕಾಣುವುದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಲಕ್ಷಣ ಹೇಳಿರುವ ರಳವೆಂಬ ‘ೞ’ ಅಕ್ಷರಕ್ಕೆ ಆ ಕೋಷ್ಟಕದಲ್ಲಿ ‘ಕನ್ನಡ ಲೆಟರ್ ಫ಼’ ಎಂಬ ಹೆಸರು ಬಿದ್ದಿದೆ! ಹೆಸರು ತಪ್ಪೆಂದು ಯೂನಿಕೋಡಿನವರೇ ಟಿಪ್ಪಣಿ ಬರೆದಿರುವರು. ಸರಿಯಾದ ಹೆಸರನ್ನು ಪರ್ಯಾಯವೆಂದು ಸೇರಿಸಿರುವರು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬ ನಿಯಮವನ್ನು ೧೯೯೬ರ ಎರಡನೆಯ ಆವೃತ್ತಿಯಿಂದ ಪಾಲಿಸುತ್ತಿರುವುದರಿಂದ ಮೂಲನಾಮವು ಹಾಗೆಯೇ ಉಳಿದಿದೆ. ಪ್ರತಿಯಲ್ಲಿರುವ ತಪ್ಪನ್ನು ಅಳಿಸದೆ ಅಡಿಯಲ್ಲಿ ಶುದ್ಧರೂಪವನ್ನು ಸೂಚಿಸುವ ಸಂಪಾದಕನ ಸಂಯಮಕ್ಕೆ ಇದು ಹತ್ತಿರವಾಗಿದೆ. ಹೆಸರಿನ ತಪ್ಪಿನಿಂದ ಅಕ್ಷರಕ್ಕೆ ಹಾನಿಯಿಲ್ಲ, ಅದರ ಮನೆಯು ಸ್ಥಿರವಾಗಿದೆ. ಪುಟದಲ್ಲಿ ಚೌಕವು ಕಂಡಿತೆಂದರೆ ಪಾಠದಲ್ಲಿ ‘ೞ’ ಇಲ್ಲವೆಂದಲ್ಲ. ಆ ಮೊಬೈಲಿನ ಫಾಂಟಿನಲ್ಲಿ ಅದರ ಆಕಾರವಿಲ್ಲವೆಂದು ಮಾತ್ರ ಅರ್ಥ. ಆ ಆಕಾರವುಳ್ಳ ಫಾಂಟೊಂದನ್ನು ಪುಟದ ಜೊತೆಯಲ್ಲಿಯೇ ಕಳುಹಿಸುವಂತೆ ಶೈಲಿಪತ್ರದಲ್ಲಿ ಬರೆದರೆ ಸಾಕು.

ಹಾಗೆ ಮಾಡದೆ ‘ಳ’ವನ್ನು ಇಟ್ಟರೆ ಆಗುವ ನಷ್ಟವನ್ನು ಸಾಹಿತ್ಯದ ಉಪಾಧ್ಯಾಯರಿಗೆ ಹೇಳಬೇಕಾದುದಿಲ್ಲ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಕಾಣದ ಅಕ್ಷರಕ್ಕೆ ಕಾಣುವ ಅಕ್ಷರವನ್ನು ಬದಲಿಟ್ಟ ಹುಡುಗನು ಬಾಳುವವನ ಕೈಗೆ ಕತ್ತಿಯನ್ನು ಕೊಟ್ಟಂತಾಗುವುದು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯು ದಂಡೋತಿ ಎಂಬ ಊರ ಹೆಸರಿನಲ್ಲಿಯೇ ಇದೆ. ಕಣ್ಣಿಗೆ ಅದು ಮೂರು ಅಕ್ಷರ. ಯಂತ್ರದ ಲೆಕ್ಕದಲ್ಲಿ ದ, ಅನುಸ್ವಾರ, ಡ, ಓತ್ವ, ತ, ಗುಡಿಸು ಎಂದು ೬ ಸಂಕೇತಗಳು. ಆದರೆ ಓತ್ವವನ್ನು ಒಂದೇ ಸಂಕೇತವಾಗಿ ಬರೆಯದೆ ಏತ್ವದ ಗುರುತು, ಊಕಾರದ ಕೊಂಬಿನ ಗುರುತು, ದೀರ್ಘದ ಗುರುತು ಎಂದು ಮೂರಾಗಿ ಬರೆಯುವುದಕ್ಕೂ ಯೂನಿಕೋಡಿನಲ್ಲಿ ಅವಕಾಶವಿದೆ. ಆಗ ಅದೇ ಹೆಸರು ೮ ಸಂಕೇತಗಳಾಗುವುದು. ಪರದೆಯ ಮೇಲೆ ಎರಡೂ ಒಂದೇ. ಹೊಸಬನು ಬರೆದ ಹುಡುಕುವ ಕೋಡು ಒಂದನ್ನು ಕೇಳಿದರೆ ಇನ್ನೊಂದನ್ನು ಕಾಣಲಾರದು. ಇವೆರಡೂ ಸಮಾನವೆಂದು ಯೂನಿಕೋಡಿನ ನಿಯಮವೇ ಹೇಳಿರುವುದರಿಂದ, ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಪಾಠವನ್ನು ಕೆಡಿಸುವುದಲ್ಲ, ಲಿಪಿಭೇದವನ್ನು ಸಮನ್ವಯಗೊಳಿಸುವುದು.

ಕಣ್ಣಿಗೆ ಕಾಣದ ಗುರುತುಗಳೆಲ್ಲ ಕಸವೆಂದು ತಿಳಿಯುವುದೂ ತಪ್ಪು. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಬರುವುದು. ‘ರ‍್ಯಾಂಕ್’ ಎಂಬಲ್ಲಿ ರಕಾರವೇ ಮೇಲೆ ನಿಂತು ಯಕಾರವು ಒತ್ತಾಗುವುದು. ಈ ಎರಡನೆಯ ರೂಪವನ್ನು ಪಡೆಯಲು ರಕಾರದ ಮುಂದೆ ಕಾಣದ ಒಂದು ಜೋಡಣೆಯ ಗುರುತನ್ನು ಇಡಬೇಕು. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರವು ಕೆಳಗಿಳಿದು ಒತ್ತಾಗದಂತೆ ತಡೆಯುವುದೂ ಅಂಥದೊಂದು ಗುರುತೇ. ಬರೆಹವನ್ನು ‘ಶುಚಿಗೊಳಿಸುವ’ ಕೋಡೊಂದನ್ನು ಎಲ್ಲಿಂದಲೋ ತಂದು ಅಂಟಿಸಿದ ಹೊಸಬನು ಇವುಗಳನ್ನೆಲ್ಲ ಗುಡಿಸಿ ಹಾಕುವನು. ಹೀಗೆ ಪಾಠಕ್ಕೆ ಸೇರಿದ ಅದೃಶ್ಯಗಳೂ ಉಂಟು, ವಿನ್ಯಾಸಕ್ಕಾಗಿ ಕಳ್ಳತನದಿಂದ ಸೇರಿಸಿದ ಅದೃಶ್ಯಗಳೂ ಉಂಟು. ಇವನ್ನು ಬೇರ್ಪಡಿಸಲು ಕನ್ನಡ ಬಲ್ಲವನೇ ಬೇಕು, ಕೋಡು ಮಾತ್ರ ಬಲ್ಲವನು ಸಾಲದು.

ಇನ್ನು ನಿಜವಾದ ವಿನ್ಯಾಸದೋಷಗಳ ಕಡೆಗೆ ತಿರುಗಬಹುದು. ಬ್ರೌಸರಿನ ದೃಷ್ಟಿಯಲ್ಲಿ ಪುಟದ ಪ್ರತಿಯೊಂದು ಅಂಗವೂ ಒಂದು ಪೆಟ್ಟಿಗೆ: ಒಳಗೆ ಬರೆಹ, ಅದರ ಸುತ್ತ ಒಳತೆರಪು, ಆಮೇಲೆ ಅಂಚು, ಹೊರಗೆ ಹೊರತೆರಪು. ಶಹಾಬಾದಿನ ಹಾಸುಗಲ್ಲನ್ನು ನೆಲಕ್ಕೆ ಹಾಕುವ ಗೌಂಡಿಯು ಈ ಲೆಕ್ಕವನ್ನು ಯಾರಿಂದಲೂ ಕಲಿಯಬೇಕಾದುದಿಲ್ಲ. ಹತ್ತು ಅಡಿಯ ಕೋಣೆಗೆ ಅಡಿಯಗಲದ ಹತ್ತು ಕಲ್ಲುಗಳನ್ನು ತಂದು, ಸಂದುಗಳಲ್ಲಿ ಗಾರೆ ತುಂಬುತ್ತ ಹೋದರೆ ಹತ್ತನೆಯ ಕಲ್ಲು ಗೋಡೆಗೆ ತಾಕುವುದು. ೩೬೦ ಪಿಕ್ಸೆಲು ಅಗಲದ ಪರದೆಯಲ್ಲಿ ಅಗಲವು ನೂರಕ್ಕೆ ನೂರು ಎಂದು ಬರೆದು, ಎರಡು ಪಕ್ಕಕ್ಕೂ ೧೬ರಂತೆ ಒಳತೆರಪನ್ನೂ ೧ರಂತೆ ಅಂಚನ್ನೂ ಕೊಟ್ಟವನ ಪೆಟ್ಟಿಗೆಯು ೩೯೪ ಆಗಿ, ೩೪ ಪಿಕ್ಸೆಲು ಹೊರಗೆ ಚಾಚುವುದು. ಗೊತ್ತುಮಾಡಿದ ಅಗಲದೊಳಗೇ ತೆರಪೂ ಅಂಚೂ ಅಡಗಲೆಂದು ಹೇಳುವ ‘ಬಾಕ್ಸ್-ಸೈಜಿಂಗ್’ ಸೂತ್ರವೊಂದರಿಂದ ಇದು ಪರಿಹಾರವಾಗುವುದು.

ಮೊಬೈಲಿನಲ್ಲಿ ಪುಟವು ಇರುವೆಗಾತ್ರಕ್ಕೆ ಕುಗ್ಗಿದ್ದರೆ, ಪರದೆಯ ಅಗಲವನ್ನೇ ಪುಟದ ಅಗಲವಾಗಿ ತಿಳಿಯೆಂದು ಸೂಚಿಸುವ ‘ವ್ಯೂಪೋರ್ಟ್’ ಸಾಲು ತಲೆಯಲ್ಲಿ ಇಲ್ಲವೆಂದು ಊಹಿಸಬಹುದು. ಅದಿಲ್ಲದಿದ್ದರೆ ಮೊಬೈಲಿನ ಬ್ರೌಸರುಗಳು ಸಾಮಾನ್ಯವಾಗಿ ೯೮೦ ಪಿಕ್ಸೆಲು ಅಗಲವನ್ನು ಕಲ್ಪಿಸಿಕೊಂಡು ಎಲ್ಲವನ್ನೂ ಕಿರಿದಾಗಿಸುವುವು. ಐದು ಊರುಗಳ ಸಾಲು ಹೊರಗೆ ಜಾರಿದುದಕ್ಕೆ ಕಾರಣ ಬೇರೆ. ‘ಫ್ಲೆಕ್ಸ್’ ಎಂಬ ವಿಧಾನದಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳು ತಮ್ಮೊಳಗಿನ ಅತಿ ಉದ್ದವಾದ ಪದಕ್ಕಿಂತ ಕಿರಿದಾಗಲು ಸ್ವಭಾವತಃ ಒಪ್ಪುವುದಿಲ್ಲ, ಮುಂದಿನ ಸಾಲಿಗೂ ತಾವಾಗಿ ಇಳಿಯುವುದಿಲ್ಲ. ಇಳಿಯಬಹುದೆಂದು ಅನುಮತಿ ಕೊಡಬೇಕು. ಚಿತ್ರದ ಪಕ್ಕದ ಅಂಕಣವು ಚಾಚಿದುದೂ ಇದೇ ಸ್ವಭಾವದಿಂದ. ಅಲ್ಲಿ ಕನಿಷ್ಠ ಅಗಲವು ಸೊನ್ನೆಯೆಂದು ಬರೆಯಬೇಕು. ಈ ದೋಷವು ಕನ್ನಡ ಪುಟಗಳಲ್ಲಿ ಎದ್ದು ಕಾಣುವುದೇಕೆಂದರೆ, ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಬೆಳೆಯುವ ಭಾಷೆ ಇದು. ‘ಹೋಗಬೇಕಾಗಿರುವವರೆಲ್ಲರಿಗೂ’ ಎಂಬುದು ಒಂದೇ ಪದ. ಇಂಗ್ಲಿಷಿನ ಚಿಕ್ಕ ಪದಗಳನ್ನು ನೆನೆದು ಕೊಯ್ದ ಅಂಗಿಯು ಇದಕ್ಕೆ ಬಿಗಿಯಾಗುವುದು ಸಹಜ. ಇಂತಹ ಪದವು ಸಾಲಿನಲ್ಲಿ ಹಿಡಿಸದಿದ್ದಾಗ ಮಾತ್ರ ಅಕ್ಷರದ ಮಗ್ಗುಲಲ್ಲಿ ಮುರಿಯಲೆಂದು ಶೈಲಿಪತ್ರದಲ್ಲಿ ಹೇಳಬಹುದು. ಅಚ್ಚಿನ ಕನ್ನಡದಲ್ಲಿಯೂ ಸಾಲಿನ ಕೊನೆಯಲ್ಲಿ ಅಕ್ಷರಕ್ಕೆ ಅಕ್ಷರ ಕಡಿದು ಮುಂದಿನ ಸಾಲಿಗೆ ಒಯ್ಯುವ ರೂಢಿಯು ಹಳೆಯದೇ.

ಒತ್ತಕ್ಷರದ ಬುಡವು ಕತ್ತರಿಸಿಹೋಗುವುದು ಕನ್ನಡಕ್ಕೆ ವಿಶೇಷವಾಗಿ ಅಂಟಿದ ರೋಗ. ರೋಮನ್ ಲಿಪಿಯಲ್ಲಿ ಸಾಲಿನ ಕೆಳಕ್ಕೆ ಇಳಿಯುವ ಅಕ್ಷರಗಳು ನಾಲ್ಕಾರು, ಇಳಿಯುವುದೂ ಸ್ವಲ್ಪವೇ. ಕನ್ನಡದಲ್ಲಿಯಾದರೋ ‘ಷ್ಟ್ರ’ ಎಂಬಲ್ಲಿ ಮೂಲಾಕ್ಷರದ ಕೆಳಗೆ ಒಂದು ಒತ್ತು, ಅದರ ಬಳಿಯಲ್ಲಿ ಇನ್ನೊಂದು. ಮೇಲ್ಗಡೆ ಗುಡಿಸು, ತಲೆಕಟ್ಟುಗಳಿಗೂ ಎಡೆ ಬೇಕು. ಮಂಗಳೂರಿನ ಬಾಸೆಲ್ ಮಿಶನ್ ಮೊದಲಾದ ಮುದ್ರಣಾಲಯಗಳ ಮೊಳೆ ಜೋಡಿಸುವವರು ಇದನ್ನು ಕೈಯಿಂದ ಅರಿತು ಸಾಲುಗಳಿಗೆ ಎಡೆ ಕೊಡುತ್ತಿದ್ದರು. ಜಾಲಪುಟದ ಹೊಸಬನು ಶೀರ್ಷಿಕೆಯ ಪೆಟ್ಟಿಗೆಗೆ ೪೦ ಪಿಕ್ಸೆಲು ಎತ್ತರವನ್ನು ಗೊತ್ತುಮಾಡಿ, ಮಿಕ್ಕುದನ್ನು ಮರೆಮಾಡೆಂದು ಬರೆದು, ಸಾಲಿನ ಎತ್ತರವನ್ನು ಅಕ್ಷರಗಾತ್ರದ ೧.೨ ಪಟ್ಟು ಇಟ್ಟಿದ್ದನು. ಎತ್ತರದ ಕಟ್ಟನ್ನು ತೆಗೆದುಹಾಕಿ, ಸಾಲಿಗೆ ೧.೬ರಿಂದ ೧.೮ ಪಟ್ಟು ಕೊಟ್ಟರೆ ‘ರಾಷ್ಟ್ರಕೂಟ’ವು ತನ್ನ ಕಾಲ ಮೇಲೆ ನಿಲ್ಲುವುದು. ಈ ಪ್ರಮಾಣವು ಫಾಂಟಿನಿಂದ ಫಾಂಟಿಗೆ ಬೇರೆಯಾಗುವುದರಿಂದ ಒತ್ತಕ್ಷರ ಬಹುಳವಾದ ಒಂದು ವಾಕ್ಯವನ್ನಿಟ್ಟು ಪರೀಕ್ಷಿಸುವುದು ಲೇಸು. ಅಕ್ಷರಗಳ ನಡುವೆ ತೆರಪು ಹಿಗ್ಗಿಸುವ ಅಲಂಕಾರವನ್ನು ಕನ್ನಡ ಶೀರ್ಷಿಕೆಗೆ ತೊಡಿಸದಿರುವುದೇ ವಾಸಿ. ಮೂಲಾಕ್ಷರದ ಬಲಕ್ಕೆ ಚಾಚಿ ನಿಲ್ಲುವ ಒತ್ತು ಅದರಿಂದ ಅನಾಥವಾಗುವುದುಂಟು.

‘ರಾಷ್ಟ್ರಕೂಟ’ ಎಂಬ ಪದವೇ ಇನ್ನೊಂದು ಪಾಠವನ್ನೂ ಕಲಿಸುವುದು. ಓದುವವನಿಗೆ ಅದು ೪ ಅಕ್ಷರ, ಛಂದಸ್ಸಿನವನಿಗೆ ೬ ಮಾತ್ರೆ, ಯಂತ್ರಕ್ಕೆ ೧೦ ಸಂಕೇತ. ಉದ್ದ ಶೀರ್ಷಿಕೆಯನ್ನು ಚಿಕ್ಕದಾಗಿಸಲೆಂದು ಮೊದಲ ನಾಲ್ಕನ್ನು ಮಾತ್ರ ತೆಗೆದುಕೊಳ್ಳೆಂದು ಕೋಡಿನಲ್ಲಿ ಬರೆದರೆ ಸಿಕ್ಕುವುದು ‘ರಾಷ್’. ಸಂಯುಕ್ತಾಕ್ಷರವು ನಡುವೆ ಕಡಿದುಹೋಯಿತು. ಇಲ್ಲಿಯೂ ಬರೆಹವನ್ನು ಕತ್ತರಿಸದೆ, ಹಿಡಿಸದ ಭಾಗವನ್ನು ಕಾಣಿಸದೆ ಕೊನೆಗೆ ಮೂರು ಚುಕ್ಕಿ ತೋರಿಸೆಂದು ಶೈಲಿಪತ್ರಕ್ಕೆ ಹೇಳುವುದು ಸರಿಯಾದ ಮಾರ್ಗ. ಆಗ ಪದವು ಒಳಗೆ ಇಡಿಯಾಗಿಯೇ ಉಳಿಯುವುದು.

ಕಂದಪದ್ಯವನ್ನು ಪುಟದಲ್ಲಿ ಕೂರಿಸುವುದು ಸಾಹಿತ್ಯದವರಿಗೆ ಹೆಚ್ಚು ಪ್ರಯೋಜನಕರವಾದ ಅಭ್ಯಾಸ. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯ ಮತ್ತು ನಾಲ್ಕನೆಯವುಗಳಲ್ಲಿ ಐದು ಗಣ. ಅಂದರೆ ೧೨, ೨೦, ೧೨, ೨೦ ಮಾತ್ರೆಗಳು. ಈ ಏರಿಳಿತವನ್ನು ಕಣ್ಣಿಗೂ ತೋರಿಸಲು ಹೊಸಬರು ಪಾದದ ಮುಂದೆ ಹತ್ತಾರು ಗಟ್ಟಿತೆರಪುಗಳನ್ನು ಪೇರಿಸುವರು. ಪರದೆಯು ಕಿರಿದಾದೊಡನೆ ಉದ್ದಪಾದವು ಮುರಿದು ಬಿದ್ದು ಪದ್ಯವು ಐದಾರು ಪಾದಗಳ ಚೌಪದಿಯೋ ಷಟ್ಪದಿಯೋ ತಿಳಿಯದಂತಾಗುವುದು. ಪ್ರತಿಪಾದವನ್ನೂ ಒಂದು ಸ್ವತಂತ್ರ ಅಂಗವೆಂದು ಗುರುತಿಸಿ, ಸಮಪಾದಗಳ ಒಳಸರಿತವನ್ನು ಅಕ್ಷರಗಾತ್ರದ ಅಳತೆಯಲ್ಲಿ ಶೈಲಿಪತ್ರದಲ್ಲಿ ಬರೆದು, ಮುರಿದ ತುಂಡು ಮತ್ತಷ್ಟು ಒಳಗೆ ಸರಿಯುವಂತೆ ಮಾಡಿದರೆ ಎಷ್ಟು ಚಿಕ್ಕ ಪರದೆಯಲ್ಲಿಯೂ ನಾಲ್ಕು ಪಾದಗಳು ನಾಲ್ಕಾಗಿಯೇ ಕಾಣುವುವು. ದ್ವಿತೀಯಾಕ್ಷರ ಪ್ರಾಸವು ಒಂದರ ಕೆಳಗೊಂದು ನಿಲ್ಲಬೇಕೆಂಬ ಆಸೆಯನ್ನು ಮಾತ್ರ ಬಿಡಬೇಕು. ಅಕ್ಷರಗಳ ಅಗಲವು ಸಮವಲ್ಲದ ಲಿಪಿಯಲ್ಲಿ ಅದು ಕೈಗೂಡದು.

ಇಷ್ಟು ದೋಷಗಳನ್ನು ಕಂಡುಹಿಡಿದ ಉಪಾಧ್ಯಾಯನು ಅವನ್ನು ಕಲಿಯುವವನಿಗೆ ತಿಳಿಸುವುದು ಹೇಗೆ ಎಂಬುದು ಬೇರೆಯೇ ಒಂದು ಪ್ರಶ್ನೆ, ಕಷ್ಟವಾದ ಪ್ರಶ್ನೆಯೂ ಹೌದು. ‘ನಿನ್ನ ಪುಟ ಸರಿಯಿಲ್ಲ’ ಎಂಬ ಒಂದು ವಾಕ್ಯದಿಂದ ಯಾರೂ ಕಲಿಯುವುದಿಲ್ಲ. ಅದಕ್ಕೆ ತಿರುಗಾಗಿ, ಕೋಡನ್ನೆಲ್ಲ ತಾನೇ ಬರೆದು ‘ಇದನ್ನು ಹಾಕಿಕೋ’ ಎಂದು ಕೊಡುವ ಔದಾರ್ಯವು ಮತ್ತೂ ಹಾನಿಕರ. ಹುಡುಗನ ಪುಟವು ನೆಟ್ಟಗಾಗುವುದು, ಹುಡುಗನು ಇದ್ದಲ್ಲಿಯೇ ಇರುವನು. ಪ್ರಬಂಧಗಳನ್ನು ತಿದ್ದಿದ ಯಾವ ಪಂಡಿತನೂ ಇದನ್ನು ಅನುಭವದಿಂದ ಬಲ್ಲನು: ಕೆಂಪು ಶಾಯಿಯಿಂದ ಪುಟವೆಲ್ಲ ಮುಚ್ಚಿಹೋದಾಗ ವಿದ್ಯಾರ್ಥಿಯು ಅಂಕವನ್ನು ನೋಡಿ ಪುಸ್ತಕವನ್ನು ಮಡಿಸುವನು.

ಮೊದಲು ದೋಷವನ್ನು ಉಪಾಧ್ಯಾಯನೂ ಕಣ್ಣಾರೆ ಕಾಣಬೇಕು. ಯಾವ ಸಾಧನ, ಯಾವ ಬ್ರೌಸರು, ಎಷ್ಟು ಅಗಲದ ಪರದೆ ಎಂಬುದನ್ನು ಕೇಳಿ ತಿಳಿಯದೆ ಕೊಡುವ ಸಲಹೆಯು ರೋಗಿಯನ್ನು ನೋಡದೆ ಕೊಟ್ಟ ಔಷಧ. ಆಮೇಲೆ ಪುಟದಿಂದ ಒಂದೊಂದೇ ಅಂಗವನ್ನು ತೆಗೆಯುತ್ತ, ದೋಷವು ಉಳಿದಿರುವ ಅತಿ ಚಿಕ್ಕ ತುಂಡಿಗೆ ಇಳಿಸಬೇಕು. ಇದನ್ನು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸುವುದು ಮೇಲು, ಏಕೆಂದರೆ ಹತ್ತರಲ್ಲಿ ಕೆಲವು ಸಾರಿ ಇಳಿಸುತ್ತಿರುವಾಗಲೇ ಅವನಿಗೆ ಕಾರಣವು ಹೊಳೆದುಬಿಡುವುದು. ಮುಚ್ಚದೆ ಬಿಟ್ಟ ಒಂದು ಟ್ಯಾಗು, ಮರೆತ ಒಂದು ಅರ್ಧವಿರಾಮ, ಇಂತಹವುಗಳಿಗೆ ಉಪಾಧ್ಯಾಯನ ಕಣ್ಣನ್ನು ಸವೆಸಬೇಕಾಗಿಲ್ಲ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ಮಿನವರ ಪರಿಶೀಲನಯಂತ್ರವು ಸಾಲಿನ ಸಂಖ್ಯೆಯ ಸಹಿತ ತೋರಿಸಿಕೊಡುವುದು. ಬ್ರೌಸರಿನೊಳಗಿನ ಪರೀಕ್ಷಕದಲ್ಲಿ ಒಂದು ಅಂಗದ ಮೇಲೆ ಕೈಯಿಟ್ಟರೆ ಅದರ ಪೆಟ್ಟಿಗೆಯ ಅಳತೆ, ಅದಕ್ಕೆ ತಗುಲಿದ ಸೂತ್ರಗಳು, ಬಾಧಿತವಾದ ಸೂತ್ರಗಳು ಎಲ್ಲವೂ ಕಾಣುವುವು. ಸಾಮಾನ್ಯಸೂತ್ರವನ್ನು ವಿಶೇಷಸೂತ್ರವು ಬಾಧಿಸುವುದೆಂಬ ವ್ಯಾಕರಣದ ನ್ಯಾಯವೇ ಇಲ್ಲಿಯೂ ನಡೆಯುವುದರಿಂದ, ಉತ್ಸರ್ಗ ಅಪವಾದಗಳನ್ನು ಬಲ್ಲವರಿಗೆ ಶೈಲಿಪತ್ರದ ಈ ಭಾಗವು ಪರಕೀಯವೆನಿಸದು. ‘ಇಂಪಾರ್ಟೆಂಟ್’ ಎಂಬ ಪದವನ್ನು ಸೂತ್ರದ ಕೊನೆಗೆ ಅಂಟಿಸಿ ಬಲಾತ್ಕಾರದಿಂದ ಗೆಲ್ಲಿಸುವ ಹೊಸಬರ ಅಭ್ಯಾಸವು, ಬಾಧೆಯ ಕಾರಣವನ್ನು ಅರಿಯದುದರ ಗುರುತು.

ಹೇಳುವಾಗ ಕ್ರಮವೂ ಮುಖ್ಯ. ಪಾಠವನ್ನು ಕೆಡಿಸಿದ ತಿದ್ದುಪಡಿಗಳು ಮೊದಲು. ಓದುಗನಿಗೆ ಅಡ್ಡಿಯಾಗುವ ವಿನ್ಯಾಸದೋಷಗಳು ಆಮೇಲೆ. ಬಣ್ಣವು ಗಾಢವಾಯಿತು, ಅಂಚು ದಪ್ಪವಾಯಿತು ಎಂಬ ರುಚಿಯ ಮಾತುಗಳು ಕಟ್ಟಕಡೆಗೆ, ಅವೂ ರುಚಿಯ ಮಾತೆಂದು ಒಪ್ಪಿಕೊಂಡೇ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ. ಸರಿಯಾಗಿರುವುದನ್ನು ಸರಿಯೆಂದು ಹೇಳುವುದು ಉಪಚಾರಕ್ಕಾಗಿ ಅಲ್ಲ. ಅದು ಏಕೆ ಸರಿಯೆಂಬುದು ಎಷ್ಟೋ ವೇಳೆ ಹೊಸಬನಿಗೆ ಗೊತ್ತಿರುವುದಿಲ್ಲ, ಹೇಳದಿದ್ದರೆ ಮುಂದಿನ ತಿದ್ದುಪಡಿಯಲ್ಲಿ ಅದನ್ನೇ ಕೆಡಿಸಿಕೊಳ್ಳುವನು. ಮಾತು ಮಿತವಾಗಿರಬೇಕು. ಶಹಾಬಾದಿನ ಸಮೀಪದ ಮರತೂರನ್ನು ಆ ಸೀಮೆಯವರು ವಿಜ್ಞಾನೇಶ್ವರನ ಊರೆಂದು ಹೇಳುವರು. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ವ್ಯಾಖ್ಯಾನದ ಹೆಸರೇ ಮಿತಾಕ್ಷರ. ದಂಡೋತಿಯ ಹುಡುಗನ ಕೋಡಿಗೆ ಮಿತಾಕ್ಷರದ ಟೀಕೆಯು ಹೀಗಿರಬಹುದು: ‘ಊರುಗಳ ಪಟ್ಟಿಯನ್ನು ಪಟ್ಟಿಯೆಂದೇ ಗುರುತಿಸಿರುವೆ, ಒಳ್ಳೆಯದು. ೧೪ನೆಯ ಸಾಲಿನಲ್ಲಿ ಶೀರ್ಷಿಕೆಗೆ ೪೦ ಪಿಕ್ಸೆಲು ಎತ್ತರ ಗೊತ್ತುಮಾಡಿರುವೆ. ಒತ್ತಕ್ಷರಕ್ಕೆ ಎಷ್ಟು ಬೇಕೆಂದು ಪರೀಕ್ಷಕದಲ್ಲಿ ಅಳೆದು ನೋಡು. ಮೂಲಪದ್ಯದಲ್ಲಿ ೞ ಇದೆ, ನಿನ್ನ ಪುಟದಲ್ಲಿ ಳ ಇದೆ, ಏಕೆ ಬದಲಾಯಿಸಿದೆ?’ ಕೊನೆಯ ಪ್ರಶ್ನೆಗೆ ‘ಚೌಕ ಕಾಣುತ್ತಿತ್ತು ಸರ್’ ಎಂದು ಹುಡುಗನು ಹೇಳುವನು. ಅಲ್ಲಿಗೆ ಉಪಾಧ್ಯಾಯನಿಗೂ ದೋಷದ ಮೂಲವು ಸಿಕ್ಕಿತು, ಫಾಂಟಿನ ವಿಷಯವನ್ನು ಹೇಳುವುದಕ್ಕೆ ಎಡೆಯೂ ಸಿಕ್ಕಿತು. ಪ್ರಶ್ನಿಸದೆ ‘ೞ’ವನ್ನು ತಾನೇ ತಿದ್ದಿದ್ದರೆ ಎರಡೂ ಸಿಕ್ಕುತ್ತಿರಲಿಲ್ಲ.

ಕೋಡಿನಲ್ಲಿ ಅಂಗಗಳಿಗೆ ಹೊಸಬರು ಇಡುವ ಹೆಸರುಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು. ‘ಕೆಂಪು-ದೊಡ್ಡದು’ ಎಂದು ಹೆಸರಿಟ್ಟ ಅಂಗವು ನಾಳೆ ನೀಲಿಯಾದರೆ ಹೆಸರು ಸುಳ್ಳಾಗುವುದು. ‘ಪದ್ಯಪಾದ’ ಎಂದು ಇಟ್ಟರೆ ಬಣ್ಣವು ಏನಾದರೂ ಹೆಸರು ನಿಲ್ಲುವುದು. ರೂಪವನ್ನು ಬಿಟ್ಟು ಕಾರ್ಯವನ್ನು ಹೆಸರಿಸಲು ಕಲಿತವನು ಪಾಠವನ್ನೂ ವಿನ್ಯಾಸವನ್ನೂ ಬೇರ್ಪಡಿಸಲು ಕಲಿತಂತೆಯೇ.

ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಮಾಡಬೇಕಾದ ಪರೀಕ್ಷೆಯು ಸುಲಭವಾದುದು. ಪುಟವನ್ನು ಅಗಲವಾದ ಪರದೆಯಲ್ಲೊಮ್ಮೆ, ಮೊಬೈಲಿನಲ್ಲೊಮ್ಮೆ, ಅಕ್ಷರವನ್ನು ಇಮ್ಮಡಿ ಹಿಗ್ಗಿಸಿ ಇನ್ನೊಮ್ಮೆ ನೋಡಿದುದು ಸಾಲದು. ಪುಟದಿಂದ ಬರೆಹವನ್ನು ಪೂರ್ತಿಯಾಗಿ ನಕಲು ಮಾಡಿ, ಯಾವ ಅಲಂಕಾರವೂ ಇಲ್ಲದ ಸಾದಾ ಕಡತಕ್ಕೆ ಅಂಟಿಸಬೇಕು. ಅಲ್ಲಿ ಶೀರ್ಷಿಕೆಯು ಇಡಿಯಾಗಿದೆಯೇ, ಪದಗಳ ನಡುವೆ ಇಲ್ಲದ ತೆರಪು ಸೇರಿದೆಯೇ, ಕಂದವು ನಾಲ್ಕು ಸಾಲಾಗಿದೆಯೇ ಎಂದು ನೋಡಿ, ಪದ್ಯವನ್ನು ಮೂಲದ ಅಚ್ಚಿನ ಪ್ರತಿಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಅನಂತರ ಪುಟದೊಳಗೆ ‘ದಂಡೋತಿ’ ಎಂದು ಹುಡುಕಿ, ಎಷ್ಟು ಸಲ ಬರೆದಿದೆಯೋ ಅಷ್ಟು ಸಲವೂ ಸಿಕ್ಕುವುದೇ ಎಂದು ಎಣಿಸಬೇಕು. ಈ ಹೋಲಿಕೆಯನ್ನು ಕೋಡು ಬರೆದ ವಿದ್ಯಾರ್ಥಿಯೂ ಕನ್ನಡ ಕಲಿಸುವ ಉಪಾಧ್ಯಾಯನೂ ಜೊತೆಯಲ್ಲಿ ಕುಳಿತು, ಒಬ್ಬನು ಓದುತ್ತ ಇನ್ನೊಬ್ಬನು ಪರದೆಯನ್ನು ನೋಡುತ್ತ ಮಾಡಿದರೆ ಅರ್ಧ ಗಂಟೆಯ ಕೆಲಸ.